ಸಂಕಮ್ಮ ಕೊಡದ ಭಾಷೆ

ಮಲೆ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲಿನಲ್ಲಿ ಕಥೆ ಹೊರಡುವುದೇ ಒಂದು ನಿರಾಕರಣೆಯಿಂದ. ಸೋಲಿಗರ ನೀಲೇಗೌಡ ಜೇನು, ಬೇಟೆ ಎಂದು ಕಾಡಿಗೆ ಹೊರಟಿದ್ದಾನೆ. ಹೊರಡುವ ಮುಂಚೆ ಹೆಂಡತಿಯನ್ನು ಕರೆದು, ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಕೈ ಮೇಲೆ ಕೈ ಇಟ್ಟು ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪಿ ನಡೆಯುವ ಮನಸ್ಸು ಅವಳಿಗಿಲ್ಲ. ಆದರೂ ಭಾಷೆಯನ್ನು ಮಾತ್ರ ಒಲ್ಲೆ ಎನ್ನುತ್ತಾಳೆ. ನೀಲೇಗೌಡ ಅವಳನ್ನು ಹಿಂಸಿಸುತ್ತಾನೆ, ಕಾಡಿನ ನಡುವೆ ಕೂಡಿಹಾಕಿ ಮಾಟಮಂತ್ರದ ಕಟ್ಟು ಹಾಕಿ ಹೋಗುತ್ತಾನೆ. ಆಗಲೂ ಕೊಡುವುದಿಲ್ಲ.

ಕಂಸಾಳೆಯವರು ಹಾಡುವ ಈ ಸಾಲನ್ನು ಹೆಣ್ಣಿನ ಆತ್ಮಗೌರವದ ಕಥನವೆಂದು ಓದಿದವರು ಅನೇಕರಿದ್ದಾರೆ. ಆ ಓದು ಸರಿಯಾದದ್ದೇ. ಅದರ ಪಕ್ಕಕ್ಕೆ ಇನ್ನೊಂದು ಓದನ್ನು ಇಡುವುದು ಈ ಬರಹದ ಉದ್ದೇಶ. ಸಂಕಮ್ಮನ ಸಾಲು ರಾಜಕೀಯ ತತ್ತ್ವಶಾಸ್ತ್ರದ ಒಂದು ಮೂಲಪ್ರಶ್ನೆಯನ್ನು ಎತ್ತುತ್ತದೆ. ಶಕ್ತಿಯಲ್ಲಿ ಸಮಾನರಲ್ಲದ ಇಬ್ಬರ ನಡುವೆ ಕೊಟ್ಟ ಮಾತಿಗೆ ಏನು ಬೆಲೆ? ಆಳುವವನಿಗೆ ಆಳಿಸಿಕೊಳ್ಳುವವರು ಕೊಡುವ ಒಪ್ಪಿಗೆ ಯಾವಾಗ ಒಪ್ಪಿಗೆಯಾಗುತ್ತದೆ, ಯಾವಾಗ ಬರೀ ಸೋಲಾಗುತ್ತದೆ?

ಭಾಷೆ ಕೇಳುವ ಕ್ಷಣವನ್ನು ನಿಧಾನವಾಗಿ ನೋಡಬೇಕು. ಸಂಕಮ್ಮನ ನಿಷ್ಠೆ ಈಗಾಗಲೇ ಇದೆ. ಭಾಷೆ ಅದಕ್ಕೆ ಏನನ್ನೂ ಸೇರಿಸುವುದಿಲ್ಲ. ಅದು ಸೇರಿಸುವುದು ನೀಲೇಗೌಡನ ಹಕ್ಕಿಗೆ. ಭಾಷೆ ಕೊಡುವವರೆಗೆ ಅವಳ ನಡತೆ ಅವಳದು. ಕೊಟ್ಟ ಮರುಗಳಿಗೆಯಿಂದ ಅದು ಅವನಿಗೆ ಸಲ್ಲಬೇಕಾದ ಬಾಕಿ. ಮಾತು ಕೇಳುವವನ ಕೈಯಲ್ಲಿ ಬಿಲ್ಲಿದೆ, ಬೆನ್ನಿಗೆ ಅಣ್ಣಂದಿರಿದ್ದಾರೆ, ಬಾಯಲ್ಲಿ ಮಂತ್ರವಿದೆ. ಕೊಡಬೇಕಾದವಳ ಬಳಿ ಇರುವುದು ಕೊಡದಿರುವ ಶಕ್ತಿಯೊಂದೇ. ಅದನ್ನೂ ಕೈಬಿಟ್ಟರೆ ಆಮೇಲೆ ತನ್ನದೆನ್ನುವುದು ಏನೂ ಉಳಿಯದೆಂದು ಸಂಕಮ್ಮನಿಗೆ ಗೊತ್ತು.

ಈ ಸಾಲು ನನಗೆ ಹೀಗೆ ಕೇಳಿಸತೊಡಗಿದ್ದು ರಾಜ್ಯಶಾಸ್ತ್ರದ ಪಾಠ ಮಾಡುವಾಗ. ಕಳೆದ ಎರಡು ಬೇಸಿಗೆಗಳಲ್ಲಿ ಚಾಮರಾಜನಗರ ಮತ್ತು ಗುಂಡ್ಲುಪೇಟೆಯಲ್ಲಿ ಬಿ.ಎ. ವಿದ್ಯಾರ್ಥಿಗಳ ರಜಾ ತರಗತಿಗಳಿಗೆ ಹೋಗಿ ಸರ್ಕಾರ ಮತ್ತು ರಾಜಕೀಯ ಚಿಂತನೆಯ ಪತ್ರಿಕೆಗಳನ್ನು ಹೇಳಿಕೊಟ್ಟೆ. ಬಂದವರಲ್ಲಿ ಹೆಚ್ಚಿನವರು ಅರಿಸಿನ, ಸಣ್ಣ ಈರುಳ್ಳಿ ಬೆಳೆಯುವ ಮನೆಗಳ ಮಕ್ಕಳು. ಕೆಲವರು ಬೆಟ್ಟದ ತಪ್ಪಲಿನ ಪೋಡುಗಳಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಪಠ್ಯಕ್ರಮದಲ್ಲಿ ಪ್ಲೇಟೋ, ಅರಿಸ್ಟಾಟಲ್, ಮೆಕಿಯವೆಲ್ಲಿ, ಹಾಬ್ಸ್, ಲಾಕ್, ರೂಸೋ ಇದ್ದರು. ಕೌಟಿಲ್ಯ, ಗಾಂಧಿ, ಅಂಬೇಡ್ಕರ್ ಕೂಡ ಇದ್ದರು. ಆದ್ದರಿಂದ ಎಲ್ಲವೂ ಪಶ್ಚಿಮದ್ದೇ ಎಂಬ ದೂರು ನನ್ನದಲ್ಲ. ಪುಸ್ತಕ ಕನ್ನಡದಲ್ಲಿಲ್ಲ ಎಂಬ ದೂರೂ ಅಲ್ಲ. ಕನ್ನಡದಲ್ಲಿ ಗೈಡುಗಳು ಬೇಕಾದಷ್ಟಿವೆ.

ದೂರು ಇರುವುದು ಆ ಬರಹದ ಕಟ್ಟಿನ ಬಗ್ಗೆ. ಸಾಮಾಜಿಕ ಒಪ್ಪಂದ ಸಿದ್ಧಾಂತದ ಬಗ್ಗೆ ಪ್ರಶ್ನೆ ಬಂದರೆ ಉತ್ತರಕ್ಕೆ ಒಂದು ಅಚ್ಚು ಸಿದ್ಧವಿರುತ್ತದೆ. ಪೀಠಿಕೆ, ಅರ್ಥ, ಮಾನವ ಸ್ವಭಾವ, ನಿಸರ್ಗ ಸ್ಥಿತಿ, ಒಪ್ಪಂದದ ಸ್ವರೂಪ, ಟೀಕೆಗಳು, ಉಪಸಂಹಾರ. ಟೀಕೆಗಳು ಎಂದೂ ನಾಲ್ಕು: ಸಿದ್ಧಾಂತಕ್ಕೆ ಐತಿಹಾಸಿಕ ಆಧಾರವಿಲ್ಲ, ಕಾನೂನಿನ ದೃಷ್ಟಿಯಿಂದ ಸರಿಯಲ್ಲ, ತರ್ಕಬದ್ಧವಲ್ಲ, ಅಪಾಯಕಾರಿ. ಮೂವರು ದೊಡ್ಡ ಚಿಂತಕರು ಈ ನಾಲ್ಕು ಸಾಲಲ್ಲಿ ಮಣ್ಣಾಗುತ್ತಾರೆ. ಅವರು ಏಕೆ ಬರೆದರು, ಯಾರ ವಿರುದ್ಧ ಬರೆದರು, ಬರೆದದ್ದು ನಿಜವಾದರೆ ನಮಗೇನು ಎಂಬ ಯಾವುದಕ್ಕೂ ಆ ಅಚ್ಚಿನಲ್ಲಿ ಜಾಗವಿಲ್ಲ. ‘ಟೀಕೆ’ ಎಂಬ ಶಬ್ದವಿದೆ, ಟೀಕಿಸುವವರು ಮಾತ್ರ ಯಾರೂ ಇಲ್ಲ. ಒಪ್ಪಂದ ಬೇಡವೆಂದವನೊಬ್ಬನ ಬಾಯಿಂದ ಬಂದ ಮಾತಿನಂತೆ ಆ ನಾಲ್ಕು ಅಂಶಗಳು ಕೇಳಿಸುವುದಿಲ್ಲ. ಅಚ್ಚುಮೊಳೆಯ ಹಾಗೆ ಕೂತಿರುತ್ತವೆ, ಅಷ್ಟೆ.

ಕನ್ನಡದಲ್ಲಿ ಹೀಗಲ್ಲದ ದಾರಿಯೂ ಇತ್ತು. ಡಿ.ವಿ. ಗುಂಡಪ್ಪನವರು ‘ರಾಜ್ಯಶಾಸ್ತ್ರ’ ಬರೆದದ್ದು ಪರೀಕ್ಷೆ ಕಟ್ಟುವವನಿಗಾಗಿ ಅಲ್ಲ, ಮತ ಹಾಕುವವನಿಗಾಗಿ. ಅವರ ನಿಲುವುಗಳನ್ನು ಒಪ್ಪದವರೂ ಅಲ್ಲಿ ಒಬ್ಬ ಓದುಗನನ್ನು ಎದುರಿಗೆ ಕೂರಿಸಿಕೊಂಡು ಮಾತಾಡುವ ದನಿ ಇದೆಯೆಂದು ಒಪ್ಪುತ್ತಾರೆ. ಆ ದನಿ ಗೈಡಿಗೆ ಬರುವಷ್ಟರಲ್ಲಿ ಸತ್ತಿದೆ. ನಮ್ಮ ತರಗತಿಗಳಲ್ಲಿ ಅದನ್ನು ಮತ್ತೆ ಕೇಳಿಸಿದ್ದು ಪುಸ್ತಕಗಳಲ್ಲ, ಈ ಜಿಲ್ಲೆಯೇ.

ಮೊದಲು ಹಾಬ್ಸ್. 1651ರ ‘ಲೆವಿಯಾಥನ್’ನಲ್ಲಿ ಅವನು ರಾಜ್ಯ ಹುಟ್ಟುವ ಎರಡು ದಾರಿಗಳನ್ನು ಹೇಳುತ್ತಾನೆ. ಜನ ಪರಸ್ಪರ ಹೆದರಿ ಒಬ್ಬನನ್ನು ಒಡೆಯನನ್ನಾಗಿ ಮಾಡಿಕೊಳ್ಳುವುದು ಒಂದು. ಗೆದ್ದು ಬಂದವನ ಕತ್ತಿಗೆ ಹೆದರಿ ಅವನನ್ನೇ ಒಡೆಯನೆಂದು ಒಪ್ಪುವುದು ಇನ್ನೊಂದು. ಎರಡರಲ್ಲೂ ಒಡೆಯನ ಹಕ್ಕು ಒಂದೇ, ಏಕೆಂದರೆ ಭಯದಿಂದ ಕೊಟ್ಟ ಮಾತೂ ಮಾತೇ ಎನ್ನುತ್ತಾನೆ ಹಾಬ್ಸ್. ಗೈಡಿನಲ್ಲಿ ಮೊದಲ ದಾರಿ ಮಾತ್ರ ಇರುತ್ತದೆ. ಎರಡನೆಯದನ್ನು ಹೇಳಿದಾಗ ತರಗತಿಯ ಹಿಂದಿನ ಬೆಂಚಿನಿಂದ ಒಬ್ಬ, “ಮಾದಪ್ಪ ಒಕ್ಕಲು ಮಾಡ್ಕಂಡಂಗಲ್ವಾ ಸಾ?” ಅಂದ. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಸುಮ್ಮನಾದರು.

‘ಒಕ್ಕಲು’ ಈ ಕಾವ್ಯಗಳ ಬೀಜಶಬ್ದ. ಜಮೀನ್ದಾರನ ನೆಲ ಉಳುವವನೂ ಒಕ್ಕಲು, ದೇವರಿಗೆ ನಡೆದುಕೊಳ್ಳುವ ಮನೆತನವೂ ಒಕ್ಕಲು. ಭಕ್ತಿ ಮತ್ತು ಗೇಣಿ ಒಂದೇ ಶಬ್ದದಲ್ಲಿ ಬದುಕುತ್ತಿವೆ. ಮಾದೇಶ್ವರ ಎಪ್ಪತ್ತೇಳು ಮಲೆಗೆ ಬಂದು ನೆಲೆಸುವ ಕಥೆ, ಒಂದೊಂದೇ ಮನೆತನವನ್ನು ಒಕ್ಕಲಾಗಿ ಪಡೆಯುವ ಕಥೆ. ಹಾಗೆ ಪಡೆಯುವ ರೀತಿ ಮೃದುವಾದುದಲ್ಲ. ಜಂಗಮನಾಗಿ ಭಿಕ್ಷೆಗೆ ಬರುತ್ತಾನೆ, ಇಲ್ಲವೆಂದವರ ಸಿರಿ ಕರಗುತ್ತದೆ, ಶರಣೆಂದವರ ಸಿರಿ ಹಿಂದಿರುಗುತ್ತದೆ. ಮಂಟೇಸ್ವಾಮಿ ಕಾವ್ಯದಲ್ಲೂ ಹೀಗೆಯೇ. ಕೆಂಪಾಚಾರಿಯನ್ನು ಮಗನಾಗಿ ಕೊಡಲು ಒಪ್ಪದ ಕಮ್ಮಾರರ ಮನೆ ಅದಕ್ಕೆ ತೆರುವ ಬೆಲೆ ಕೇಳುವವರ ಎದೆ ನಡುಗಿಸುತ್ತದೆ. ಆ ಕೆಂಪಾಚಾರಿಯೇ ಮುಂದೆ ಸಿದ್ದಪ್ಪಾಜಿಯಾಗಿ, ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಕೇಳಲು ಹೋಗಿ ಅವರು ಒಡ್ಡುವ ಹಿಂಸೆಗಳನ್ನೆಲ್ಲ ಗೆದ್ದು ಬರುತ್ತಾನೆ.

ಹಾಗಿದ್ದರೆ ಈ ಕಾವ್ಯಗಳು ಹಾಬ್ಸ್‌ನ ಪಕ್ಷವೇ? ಮೇಲುನೋಟಕ್ಕೆ ಹೌದು. ಆದರೆ ಹಾಬ್ಸ್‌ನ ಪುಟದಲ್ಲಿ ಕತ್ತಿಗೆ ಹೆದರಿದವನಿಗೆ ಹೆಸರಿಲ್ಲ, ಮನೆಯಿಲ್ಲ, ಮಾತಿಲ್ಲ. ಒಪ್ಪಿದ ಎಂದು ಒಂದೇ ಉಸಿರಿನಲ್ಲಿ ಅವನ ಕಥೆ ಮುಗಿಯುತ್ತದೆ. ನಮ್ಮ ಹಾಡುಗಾರರು ಅಷ್ಟು ಅವಸರ ಮಾಡುವುದಿಲ್ಲ. ಬೇವಿನಹಟ್ಟಿ ಕಾಳಮ್ಮನಿಗಾಗಲಿ, ಹಲಗೂರಿನ ಪಾಂಚಾಳರಿಗಾಗಲಿ, ಸಂಕಮ್ಮನಿಗಾಗಲಿ ಇಲ್ಲವೆನ್ನಲು ಬೇಕಾದಷ್ಟು ಹೊತ್ತು ಕೊಡುತ್ತಾರೆ. ಇದನ್ನು ಹಾಡುವವರು ಯಾರೆಂಬುದನ್ನು ಮರೆಯಬಾರದು. ಕಂಸಾಳೆಯವರೂ ನೀಲಗಾರರೂ ಸ್ವತಃ ದೀಕ್ಷೆ ಪಡೆದ ಗುಡ್ಡರು, ತಾವೇ ಒಕ್ಕಲಾದವರು. ತಮ್ಮ ಒಡೆಯನಿಗೆ ಎದುರಾಡಿದವರ ಮಾತನ್ನು ಮೊಟಕು ಮಾಡಿ ಹಾಡಬಹುದಿತ್ತು. ಹಾಗೆ ಮಾಡದೆ ತಲೆಮಾರುಗಳಿಂದ ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಒಪ್ಪಿದ್ದರ ಬೆಲೆ ತಿಳಿಯಬೇಕಾದರೆ ಒಪ್ಪದಿದ್ದಾಗ ಏನು ಮಾತಾಡಿದರೆಂಬುದೂ ತಿಳಿದಿರಬೇಕು. ಗೈಡು ಈ ವಿವೇಕವನ್ನು ಕಳೆದುಕೊಂಡಿದೆ.

ಇನ್ನು ಲಾಕ್. ಸರ್ಕಾರಕ್ಕೆ ಒಪ್ಪಿಗೆ ಕೊಟ್ಟವರು ಯಾರು ಎಂಬ ಪ್ರಶ್ನೆಗೆ ಅವನ ಉತ್ತರ ಜಾಣತನದ್ದು. ಬಾಯಿಬಿಟ್ಟು ಒಪ್ಪಿದವರಲ್ಲದೆ, ಬಾಯಿಬಿಡದೆ ಒಪ್ಪಿದವರೂ ಇದ್ದಾರೆ ಎನ್ನುತ್ತಾನೆ. ಒಂದು ನಾಡಿನಲ್ಲಿ ಜಮೀನು ಇಟ್ಟುಕೊಂಡವನು, ಒಂದು ವಾರ ತಂಗಿದವನು, ಕಡೆಗೆ ಅಲ್ಲಿನ ಹೆದ್ದಾರಿಯಲ್ಲಿ ಸುಮ್ಮನೆ ನಡೆದುಹೋದವನು ಕೂಡ ಅಷ್ಟರ ಮಟ್ಟಿಗೆ ಆ ಸರ್ಕಾರವನ್ನು ಒಪ್ಪಿದಂತೆ. ಗುಂಡ್ಲುಪೇಟೆಯಲ್ಲಿ ಇದನ್ನು ಹೇಳುವುದು ಸುಲಭವಲ್ಲ. ಅಲ್ಲಿಂದ ಬಂಡೀಪುರದ ಮೂಲಕ ವಯನಾಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಓಡಾಡುವಂತಿಲ್ಲ. 2009ರಲ್ಲಿ ಬಂದ ಈ ನಿಷೇಧದ ಬಗ್ಗೆ ಕರ್ನಾಟಕ ಮತ್ತು ಕೇರಳ ಇವತ್ತಿಗೂ ಒಂದೇ ಮಾತಿಗೆ ಬಂದಿಲ್ಲ. ಆನೆ, ಹುಲಿ, ಜಿಂಕೆಗಳಿಗಾಗಿ ಮುಚ್ಚಿದ ರಸ್ತೆ ಅದು. ಮುಚ್ಚಬೇಕು ಎನ್ನುವವರೂ ತರಗತಿಯಲ್ಲಿದ್ದರು, ತೆರೆಯಬೇಕು ಎನ್ನುವ ತರಕಾರಿ ವ್ಯಾಪಾರಿಗಳ ಮಕ್ಕಳೂ ಇದ್ದರು. ಲಾಕ್‌ನ ಪುಟದಲ್ಲಿ ಬರುವ ಹೆದ್ದಾರಿಗೆ ಗೇಟು ಇಲ್ಲ, ಆನೆಯೂ ಇಲ್ಲ. ನಡೆಯುವುದೇ ಒಪ್ಪಿಗೆಯಾದರೆ ತಡೆದು ನಿಂತ ಹೊತ್ತನ್ನು ಏನೆನ್ನಬೇಕು ಎಂದು ಅಲ್ಲಿ ಅರ್ಧ ದಿನ ಚರ್ಚೆ ನಡೆಯಿತು.

ಚಾಮರಾಜನಗರದಲ್ಲಿ ಅದೇ ಮಾತಿಗೆ ಬೇರೆ ತಿರುವು ಸಿಕ್ಕಿತು. ಬೆಟ್ಟದ ಕಡೆಯ ಒಬ್ಬ ವಿದ್ಯಾರ್ಥಿನಿ, “ನಮ್ಮೂರ್ಗ ರಸ್ತನೇ ಇಲ್ವಲ್ಲ ಸಾ. ಹಂಗಾರ ನಾವು ಒಪ್ಕಂಡಿಲ್ಲ ಅಂತ ಆಯ್ತಾ?” ಎಂದು ಕೇಳಿದಳು. ಲಾಕ್‌ನ ಮೇಲೆ ಇಷ್ಟು ಚುರುಕಾದ ಟೀಕೆಯನ್ನು ನಾನು ಯಾವ ಗೈಡಿನಲ್ಲೂ ಓದಿಲ್ಲ. ಗೈಡಿನ ನಾಲ್ಕು ಅಂಶಗಳಲ್ಲಿ ಇದು ಯಾವುದಕ್ಕೆ ಸೇರುತ್ತದೆ ಎಂದು ಹುಡುಕಿದರೆ, ಯಾವುದಕ್ಕೂ ಸೇರುವುದಿಲ್ಲ.

ಅವಳ ಪ್ರಶ್ನೆ ಕೇವಲ ಜಾಣ್ಮೆಯ ಮಾತಾಗಿರಲಿಲ್ಲ. 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ದಿನ ಮಲೆ ಮಹದೇಶ್ವರ ಬೆಟ್ಟದ ಬಳಿಯ ಇಂಡಿಗನತ್ತದಲ್ಲಿ ನಡೆದದ್ದು ಎಲ್ಲರಿಗೂ ನೆನಪಿತ್ತು. ರಸ್ತೆಯಂಥ ಮೂಲಸೌಕರ್ಯಗಳಿಲ್ಲವೆಂದು ಮತದಾನ ಬಹಿಷ್ಕರಿಸಿದ್ದ ಹಳ್ಳಿ ಅದು. ಮನವೊಲಿಸಲು ಅಧಿಕಾರಿಗಳು ಬಂದರು, ಮಾತಿಗೆ ಮಾತು ಬೆಳೆಯಿತು, ಮತಗಟ್ಟೆ ಧ್ವಂಸವಾಯಿತು, ಮತಯಂತ್ರ ಒಡೆಯಿತು. ಮತ ಹಾಕಬೇಕೆಂದವರಿಗೂ ಬೇಡವೆಂದವರಿಗೂ ನಡುವೆ ಜಗಳವಾಯಿತು. ಪ್ರಕರಣ ದಾಖಲಾಗಿ ಬಂಧನಗಳಾದವು. ಏಪ್ರಿಲ್ 29ರಂದು ಮರುಮತದಾನ ನಡೆಯಿತು.

ಯಂತ್ರ ಒಡೆದದ್ದನ್ನು ಹೊಗಳಲು ನಾನು ಹೊರಟಿಲ್ಲ. ಮತ ಹಾಕಬೇಕೆಂದಿದ್ದವರ ಹಕ್ಕೂ ಅಲ್ಲಿ ತುಳಿತಕ್ಕೆ ಸಿಕ್ಕಿತು. ನಾನು ನೋಡುವುದು ಆ ಘಟನೆಯ ಇನ್ನೊಂದು ಮುಖವನ್ನು. ಐದು ವರ್ಷಕ್ಕೊಮ್ಮೆ ಸರ್ಕಾರ ಬೆಟ್ಟ ಹತ್ತಿ ಬಂದು ಭಾಷೆ ಕೇಳುತ್ತದೆ. ರಸ್ತೆಯಿಲ್ಲದ ಊರಿಗೂ ಮತಯಂತ್ರ ತಪ್ಪದೆ ತಲುಪುತ್ತದೆ. ಅದನ್ನು ಹೊತ್ತು ತರುವ ಸಿಬ್ಬಂದಿಯ ಶ್ರಮವನ್ನು ನಾವು ಪತ್ರಿಕೆಗಳಲ್ಲಿ ಹೆಮ್ಮೆಯಿಂದ ಓದುತ್ತೇವೆ. ಊರಿನವರು ಅದೇ ದೃಶ್ಯವನ್ನು ಬೇರೆ ಕಣ್ಣಿನಿಂದ ನೋಡಬಹುದು. ಒಪ್ಪಿಗೆ ಪಡೆಯಲು ಬರುವ ದಾರಿ ನಿಮಗೆ ಸಿಕ್ಕಿತು, ಒಪ್ಪಿದವರ ಬಳಿಗೆ ಮತ್ತೆ ಬರುವ ದಾರಿ ಏಕೆ ಸಿಗಲಿಲ್ಲ ಎಂದು ಅವರು ಕೇಳಿದರೆ ಅದಕ್ಕೆ ಕಾನೂನಿನ ಉತ್ತರವಿರಬಹುದು, ತತ್ತ್ವಶಾಸ್ತ್ರದ ಉತ್ತರ ಸುಲಭದಲ್ಲಿ ಸಿಗುವುದಿಲ್ಲ.

ಬಾರದಿರುವ ವಿಷಯದಲ್ಲಿ ಈ ಜಿಲ್ಲೆಗೆ ತನ್ನದೇ ಇತಿಹಾಸವಿದೆ. ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂಬ ನಂಬಿಕೆಯಿಂದ ಹಲವು ಮುಖ್ಯಮಂತ್ರಿಗಳು ಜಿಲ್ಲಾಕೇಂದ್ರದ ಕಡೆ ತಲೆ ಹಾಕಲಿಲ್ಲ. ಸಿದ್ದರಾಮಯ್ಯನವರು 2013ರಲ್ಲಿ ಬಂದರು, ಆಮೇಲೂ ಮತ್ತೆ ಮತ್ತೆ ಬಂದರು, ಐದು ವರ್ಷದ ಅವಧಿಯನ್ನೂ ಪೂರೈಸಿದರು. 2025ರ ಏಪ್ರಿಲ್‌ನಲ್ಲಿ ಸಚಿವ ಸಂಪುಟದ ಸಭೆಯೇ ಮಹದೇಶ್ವರ ಬೆಟ್ಟದಲ್ಲಿ ನಡೆಯಿತು. ಇದನ್ನು ಮೂಢನಂಬಿಕೆಯ ಸುದ್ದಿಯಾಗಿ ಓದಿ ನಗುವುದು ರೂಢಿ. ಆದರೆ ಆಳಿಸಿಕೊಳ್ಳುವವರು ಆಳುವವರಿಗೆ ಹೆದರುತ್ತಾರೆಂಬುದರ ಮೇಲೆಯೇ ಹಾಬ್ಸ್ ತನ್ನ ರಾಜ್ಯವನ್ನು ಕಟ್ಟಿದ. ಆಳುವವರು ಆಳಿಸಿಕೊಳ್ಳುವವರ ಊರಿಗೇ ಹೆದರಿ ಕೂತ ಉದಾಹರಣೆ ಅವನಿಗೆ ಸಿಕ್ಕಿರಲಿಲ್ಲ.

ಬಹುಮತದ ಪ್ರಶ್ನೆಗೂ ಇಲ್ಲಿ ಉದಾಹರಣೆಗೆ ಪರದಾಡಬೇಕಿಲ್ಲ. ಎಲ್ಲರೂ ಒಪ್ಪುವುದು ಅಸಾಧ್ಯವಾದ್ದರಿಂದ ಹೆಚ್ಚಿನವರ ಒಪ್ಪಿಗೆಯನ್ನೇ ಎಲ್ಲರ ಒಪ್ಪಿಗೆಯೆಂದು ತಿಳಿಯಬೇಕು ಎನ್ನುತ್ತಾನೆ ಲಾಕ್. 2004ರ ವಿಧಾನಸಭಾ ಚುನಾವಣೆಯಲ್ಲಿ ಇದೇ ಜಿಲ್ಲೆಯ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರು, ಎ.ಆರ್. ಕೃಷ್ಣಮೂರ್ತಿ 40,751. ಒಂದು ಮತದ ಮಹತ್ವ ಸಾರಲು ಈ ಅಂಕಿಗಳನ್ನು ಎಲ್ಲ ಚುನಾವಣೆಯಲ್ಲೂ ನೆನೆಯುತ್ತಾರೆ. ನಾವು ತರಗತಿಯಲ್ಲಿ ಅದನ್ನು ಇನ್ನೊಂದು ತುದಿಯಿಂದ ಹಿಡಿದೆವು. ಆ 40,751 ಜನ ಯಾವ ಕಾರಣಕ್ಕೆ ಬದ್ಧರಾಗಬೇಕು? ಸೋತವರು ಗೆದ್ದವರ ಶಾಸನವನ್ನು ಪಾಲಿಸುವುದು ಬಲಕ್ಕೆ ಬಗ್ಗಿಯೋ, ಮುಂದಿನ ಸಲ ತಮಗೂ ಗೆಲ್ಲುವ ದಾರಿ ತೆರೆದಿದೆ ಎಂಬ ಭರವಸೆಯಿಂದಲೋ? ಭರವಸೆಯಿಂದ ಎಂದಾದರೆ, ಯಾವ ಚುನಾವಣೆಯಲ್ಲೂ ಎಣಿಕೆಗೆ ಬಾರದಷ್ಟು ಸಣ್ಣ ಪೋಡಿನವರು ಏನನ್ನು ನಂಬಿ ಬದ್ಧರಾಗಬೇಕು? ಎಣಿಕೆಯಿಂದ ಸಿಗದ್ದು ಸೋಲಿಗರಿಗೆ ಸಿಕ್ಕಿದ್ದು ಹಕ್ಕಿನಿಂದ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರು ಅರಣ್ಯ ಹಕ್ಕು ಕಾಯ್ದೆಯಡಿ ತಮ್ಮ ಕಾಡಿನ ಮೇಲೆ ಸಮುದಾಯದ ಹಕ್ಕನ್ನೂ ಪಡೆದರು. ಬಹುಮತಕ್ಕೂ ಹಕ್ಕಿಗೂ ಇರುವ ಅಂತರವನ್ನು ವಿವರಿಸಲು ಇದಕ್ಕಿಂತ ಹತ್ತಿರದ ಪಾಠ ಬೇಡ.

ರೂಸೋನನ್ನು ಇಲ್ಲಿ ಕಲಿಸುವಾಗ ಸ್ವಲ್ಪ ಅಂಜಿಕೆಯಾಗುತ್ತದೆ. ಬಲವೇ ಹಕ್ಕೆನ್ನುವವರನ್ನು ಮುರಿಯಲು ಅವನು 1762ರ ‘ಸಾಮಾಜಿಕ ಒಪ್ಪಂದ’ದ ಆರಂಭದಲ್ಲೇ ಒಂದು ಉದಾಹರಣೆ ಕೊಡುತ್ತಾನೆ. ಕಾಡಿನ ಅಂಚಿನಲ್ಲಿ ಕಳ್ಳನೊಬ್ಬ ಅಡ್ಡಹಾಕುತ್ತಾನೆ, ಕೈಯಲ್ಲಿ ಪಿಸ್ತೂಲಿದೆ. ಹಣದ ಚೀಲ ಕೊಡದೆ ವಿಧಿಯಿಲ್ಲ. ಆದರೆ ಬಚ್ಚಿಡಲು ಸಾಧ್ಯವಿದ್ದಾಗಲೂ ಕೊಡಲೇಬೇಕೆಂಬ ಧರ್ಮವೇನಾದರೂ ನನ್ನ ಮೇಲಿದೆಯೇ? ಪ್ಯಾರಿಸ್ಸಿನ ಓದುಗನಿಗೆ ಅದು ತರ್ಕಕ್ಕೆಂದು ಕಟ್ಟಿದ ಕಾಡು. ನಮ್ಮಲ್ಲಿ ಆ ಕಾಡಿಗೆ ಹೆಸರಿದೆ, ಕಳ್ಳನಿಗೂ ಹೆಸರಿದೆ. ವೀರಪ್ಪನ್ 2000ದ ಜುಲೈನಲ್ಲಿ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಒಯ್ದ. 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಒಯ್ದ, ಅವರು ಜೀವಂತ ಮರಳಲಿಲ್ಲ. 2004ರ ಅಕ್ಟೋಬರ್‌ನಲ್ಲಿ ಅವನು ಸಾಯುವವರೆಗೆ ಈ ಸೀಮೆಯ ಹಳ್ಳಿಗಳು ಎರಡು ಅಧಿಕಾರಗಳ ನಡುವೆ ಬದುಕಿದವು.

ರೂಸೋನ ಉದಾಹರಣೆಯಲ್ಲಿ ಇಲ್ಲದ ಇನ್ನೊಂದು ಸಂಗತಿ ಇಲ್ಲಿದೆ. ಕಾಡಿನ ಅಂಚಿನಲ್ಲಿ ಬಂದೂಕು ಹಿಡಿದವನು ಕಳ್ಳನೊಬ್ಬನೇ ಅಲ್ಲ. ಅವನನ್ನು ಹಿಡಿಯಲು ಬಂದ ವಿಶೇಷ ಕಾರ್ಯಪಡೆಯ ಹಿಂಸೆಯ ಬಗ್ಗೆ ಕರ್ನಾಟಕ ಮತ್ತು ತಮಿಳುನಾಡಿನ ಗಡಿಹಳ್ಳಿಗಳ ಜನ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ದೂರಿಕೊಂಡರು. ಕಳ್ಳನಿಗೆ ಅಕ್ಕಿ ಕೊಟ್ಟೆಯೆಂದು ಪೊಲೀಸರ ಭಯ, ಪೊಲೀಸರಿಗೆ ಸುಳಿವು ಕೊಟ್ಟೆಯೆಂದು ಕಳ್ಳನ ಭಯ. ಕಳ್ಳನ ಪಿಸ್ತೂಲಿಗೂ ಸರ್ಕಾರದ ಪಿಸ್ತೂಲಿಗೂ ಏನು ವ್ಯತ್ಯಾಸ ಎಂಬುದು ರೂಸೋ ಕೇಳಿಸಬಯಸಿದ ಪ್ರಶ್ನೆ. ವ್ಯತ್ಯಾಸ ಖಂಡಿತ ಇದೆ. ಸರ್ಕಾರದ ವಿರುದ್ಧ ದೂರು ಕೊಡಲು ಒಂದು ಸಮಿತಿ ಇತ್ತು, ಪರಿಹಾರ ಕೊಡಿಸಲು ಒಂದು ಆಯೋಗ ಇತ್ತು. ಕಳ್ಳನ ಮೇಲೆ ಕಳ್ಳನಿಗೇ ದೂರು ಕೊಡಲಾಗದು. ಆದರೆ ಆ ವ್ಯತ್ಯಾಸ ತಾನಾಗಿ ಇರುವುದಿಲ್ಲ, ಯಾರೋ ದೂರು ಕೊಟ್ಟಾಗ, ಯಾರೋ ಕೇಳಿಸಿಕೊಂಡಾಗ ಮಾತ್ರ ಇರುತ್ತದೆ. ವೀರಪ್ಪನ್ ಸತ್ತ ಕಾಲಕ್ಕೆ ಹುಟ್ಟಿದ ಹುಡುಗ ಹುಡುಗಿಯರು ಇಂದು ಪದವಿ ತರಗತಿಯಲ್ಲಿದ್ದಾರೆ. ಅವರು ಈ ಕಥೆಗಳನ್ನು ಕೇಳಿರುವುದು ಮನೆಯ ಹಿರಿಯರ ಬಾಯಿಂದ. ರೂಸೋನನ್ನು ಓದಿರುವುದು ಗೈಡಿನಿಂದ. ಎರಡೂ ಒಂದೇ ವಿಷಯವೆಂದು ಅವರಿಗೆ ಯಾರೂ ಹೇಳಿಲ್ಲ.

ಇಷ್ಟಾದ ಮೇಲೆ ಒಂದು ಅಪಾಯವನ್ನು ಹೇಳಲೇಬೇಕು. ಹಾಬ್ಸ್ ಹೇಳಿದ್ದು ನಮ್ಮ ಕಾವ್ಯದಲ್ಲಿ ಮೊದಲೇ ಇತ್ತು, ಲಾಕ್‌ಗಿಂತ ನಮ್ಮ ಗುಡ್ಡರು ಮೇಲು ಎಂಬ ಹೆಮ್ಮೆಗೆ ಜಾರುವುದು ಬಹಳ ಸುಲಭ. ಆ ಹೆಮ್ಮೆ ಗೈಡಿನಷ್ಟೇ ಸೋಮಾರಿಯಾದದ್ದು. ಅದು ಕಾವ್ಯವನ್ನು ಓದುವುದಿಲ್ಲ, ತೋರಣ ಕಟ್ಟುತ್ತದೆ. ಕಾವ್ಯವನ್ನು ಓದಿದರೆ ಅಲ್ಲಿ ಹೆಮ್ಮೆಗೆ ಅಡ್ಡ ಬರುವ ಸಂಗತಿಗಳೇ ಹೆಚ್ಚು.

ಸಂಕಮ್ಮನ ಕಥೆಯ ಮುಂದಿನ ಭಾಗವನ್ನೇ ನೋಡಿ. ಕಟ್ಟು ಹಾಕಿಸಿಕೊಂಡ ಅವಳನ್ನು ಬಿಡಿಸಲು ಮಾದೇಶ್ವರ ಬರುತ್ತಾನೆ. ಮಕ್ಕಳಿಲ್ಲದವಳಿಗೆ ಅವಳಿ ಮಕ್ಕಳ ವರ ಕೊಡುತ್ತಾನೆ. ಅವರೇ ಕಾರಯ್ಯ, ಬಿಲ್ಲಯ್ಯ. ಆದರೆ ಆ ವರಕ್ಕೆ ಷರತ್ತಿದೆ. ಅವಳು ತನ್ನ ಒಕ್ಕಲಾಗಬೇಕು, ಹುಟ್ಟುವ ಮಕ್ಕಳಲ್ಲಿ ತನಗೆ ಪಾಲು ಸಲ್ಲಬೇಕು. ಹಿಂದಿರುಗಿದ ನೀಲೇಗೌಡ ಅವಳ ಶೀಲ ಪರೀಕ್ಷಿಸುತ್ತಾನೆ, ಅವಳು ಆ ಕಠಿಣ ಪರೀಕ್ಷೆಗಳನ್ನು ಗೆಲ್ಲುತ್ತಾಳೆ. ಕಡೆಗೆ ಅವನೂ ಮಾದೇಶ್ವರನಿಗೆ ಶರಣಾಗುತ್ತಾನೆ. ಗಂಡನಿಗೆ ಕೊಡದ ಮಾತನ್ನು ಸಂಕಮ್ಮ ದೇವರಿಗೆ ಕೊಡುತ್ತಾಳೆ. ಒಬ್ಬ ಒಡೆಯನಿಂದ ಬಿಡುಗಡೆಯಾಗಲು ಇನ್ನೊಬ್ಬ ಒಡೆಯ ಬೇಕಾಯಿತು. ಇಲ್ಲಿ ಸ್ವಾತಂತ್ರ್ಯದ ಕಥೆಯಿದೆ ಎಂದು ಎದೆ ತಟ್ಟಿಕೊಳ್ಳುವ ಮುಂಚೆ ಈ ಷರತ್ತನ್ನು ನೋಡಬೇಕು.

ಎರಡು ಮಾತುಗಳ ನಡುವೆ ವ್ಯತ್ಯಾಸವಿಲ್ಲವೆಂದು ನಾನು ಹೇಳುತ್ತಿಲ್ಲ. ನೀಲೇಗೌಡ ಭಾಷೆಗೆ ಪ್ರತಿಯಾಗಿ ಏನನ್ನೂ ಕೊಡುವುದಿಲ್ಲ, ಅನುಮಾನವನ್ನು ಮಾತ್ರ ಕೊಡುತ್ತಾನೆ. ಮಾದೇಶ್ವರ ಕಟ್ಟು ಬಿಚ್ಚುತ್ತಾನೆ, ಮಡಿಲು ತುಂಬುತ್ತಾನೆ, ಆಮೇಲೆ ಕೇಳುತ್ತಾನೆ. ಮೊದಲನೆಯದು ಬರೀ ಬಲ, ಎರಡನೆಯದು ಕೊಡುಕೊಳೆ. ಲಾಕ್‌ನ ಒಪ್ಪಂದ ನಿಂತಿರುವುದು ಈ ಎರಡನೆಯ ನೆಲದ ಮೇಲೆ: ರಕ್ಷಣೆ ಕೊಡು, ನಿಷ್ಠೆ ಪಡೆ. ಆದರೆ ಅಡವಿಯ ನಡುವೆ ಕಟ್ಟಿಹಾಕಿಸಿಕೊಂಡವಳು ಬಿಡಿಸಲು ಬಂದವನ ಷರತ್ತಿಗೆ ಇಲ್ಲವೆನ್ನಬಲ್ಲಳೇ? ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1748ರಲ್ಲಿ ಲಾಕ್‌ನಂಥವರ ವಾದಕ್ಕೆ ಹಾಕಿದ್ದು ಇದೇ ಪ್ರಶ್ನೆ. ನಿದ್ದೆಯಲ್ಲಿದ್ದವನನ್ನು ಹಡಗಿಗೆ ಹೊತ್ತುಹಾಕಿ, ನಡುಗಡಲಲ್ಲಿ ಇಳಿದುಹೋಗದೆ ಕೂತಿದ್ದಾನೆ, ಆದ್ದರಿಂದ ಕಪ್ತಾನನನ್ನು ಒಪ್ಪಿದ್ದಾನೆ ಎಂದರೆ ಹೇಗೆ? ಇಳಿದರೆ ಸಮುದ್ರ. ಸಂಕಮ್ಮನಿಗೆ ಇಳಿದರೆ ಕಾಡು. ಕಾವ್ಯ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಆದರೆ ಮೊದಲ ‘ಒಲ್ಲೆ’ಯನ್ನು ಅಷ್ಟು ಗಟ್ಟಿಯಾಗಿ ಕೇಳಿಸಿಕೊಂಡವರಿಗೆ ಆಮೇಲಿನ ‘ಆಗಲಿ’ಯೊಳಗಿನ ಬಿರುಕು ಕೇಳಿಸದೆ ಇರುವುದಿಲ್ಲ.

ಇದನ್ನೇ ಅಂಬೇಡ್ಕರ್ ಬೇರೆ ದಾರಿಯಿಂದ ಬಂದು ಹೇಳಿದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬ ವಿರೋಧಾಭಾಸಕ್ಕೆ ನಾವು ಕಾಲಿಡುತ್ತಿದ್ದೇವೆ ಎಂದು ಎಚ್ಚರಿಸಿದರು. ಅಸಮಾನರ ನಡುವೆ ಆದ ಒಪ್ಪಂದವನ್ನು ಕಾಪಾಡಬೇಕಾದರೆ ಆ ಅಸಮಾನತೆಯನ್ನು ಕಳೆಯಬೇಕು, ಇಲ್ಲದಿದ್ದರೆ ಅದನ್ನು ಅನುಭವಿಸುತ್ತಿರುವವರೇ ಒಪ್ಪಂದವನ್ನು ಒಡೆಯುತ್ತಾರೆ ಎಂಬುದು ಅಲ್ಲಿನ ತಿರುಳು. ಗೈಡಿನಲ್ಲಿ ಒಪ್ಪಂದ ಸಿದ್ಧಾಂತ ಒಂದು ಸೆಮಿಸ್ಟರಿನಲ್ಲಿದೆ, ಅಂಬೇಡ್ಕರ್ ಇನ್ನೊಂದರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಲು ನಮ್ಮ ವಿದ್ಯಾರ್ಥಿಗಳಿಗೆ ಬೇಸಿಗೆಯ ಹತ್ತು ದಿನಗಳು ಬೇಕಾದವು.

ಆ ಹತ್ತು ದಿನಗಳಿಂದ ಪರೀಕ್ಷೆಯ ಅಂಕ ಹೆಚ್ಚಾಯಿತೆಂದು ನಾನು ಹೇಳಲಾರೆ. ಲಾಕ್‌ನ ರಸ್ತೆಯ ಬಗ್ಗೆ ಕೇಳಿದ ಹುಡುಗಿ ಆ ಪ್ರಶ್ನೆಯನ್ನು ಉತ್ತರಪತ್ರಿಕೆಯಲ್ಲಿ ಬರೆದರೆ ಮೌಲ್ಯಮಾಪಕರು ಅಂಕ ಕೊಡುತ್ತಾರೋ ಇಲ್ಲವೋ ಎಂಬ ಅಳುಕು ಅವಳಿಗೂ ಇತ್ತು, ನನಗೂ ಇತ್ತು. ಈ ಅಳುಕನ್ನು ಹೋಗಲಾಡಿಸುವುದು ಒಬ್ಬಿಬ್ಬರು ಮೇಷ್ಟರ ಕೈಯಲ್ಲಿಲ್ಲ. ಪ್ರಶ್ನೆಪತ್ರಿಕೆ ಬದಲಾಗಬೇಕು. ‘ವಿವರಿಸಿ’ ಎಂಬ ಕ್ರಿಯಾಪದದ ಜಾಗದಲ್ಲಿ ‘ಒಪ್ಪುತ್ತೀರಾ, ಏಕೆ?’ ಎಂದು ವರ್ಷಕ್ಕೊಂದು ಪ್ರಶ್ನೆಯಾದರೂ ಬರಬೇಕು. ಕನ್ನಡ ವಿಭಾಗದಲ್ಲಿ ಜನಪದ ಮಹಾಕಾವ್ಯವೆಂದು ಓದುವ ಪಠ್ಯವನ್ನು ರಾಜ್ಯಶಾಸ್ತ್ರ ವಿಭಾಗದವರೂ ಒಮ್ಮೆ ತೆರೆಯಬೇಕು. ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ ‘ಮಲೆ ಮಾದೇಶ್ವರ’ವೂ ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದ ‘ಮಂಟೇಸ್ವಾಮಿ’ಯೂ ಕಾಲೇಜಿನ ಗ್ರಂಥಾಲಯಗಳಿಗೆ ದೂರದ ಪುಸ್ತಕಗಳಲ್ಲ. ಎರಡು ವಿಭಾಗಗಳ ನಡುವಿನ ಕಾರಿಡಾರ್ ಮಾತ್ರ ದೂರ.

ಈ ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ. 2025ರ ಫೆಬ್ರುವರಿಯಲ್ಲಿ, ಎರಡು ವರ್ಷ ತುಂಬುವ ಮೊದಲೇ, ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದ ಬಂದಾಗ ಅದರಲ್ಲಿ ಚಾಮರಾಜನಗರದ ಹೆಸರೂ ಇತ್ತು. ಹಣವಿಲ್ಲ, ಸಿಬ್ಬಂದಿಯಿಲ್ಲ ಎಂಬ ಕಾರಣಗಳು ಸುಳ್ಳಲ್ಲ. ಆದರೆ ತೆರೆಯುವಾಗಲಾಗಲಿ ಮುಚ್ಚುವ ಮಾತಾಡುವಾಗಲಾಗಲಿ ಇಲ್ಲಿನ ವಿದ್ಯಾರ್ಥಿಗಳ ಒಪ್ಪಿಗೆ ಕೇಳಿದ್ದು ಯಾರಿಗೂ ನೆನಪಿಲ್ಲ. ಸರ್ಕಾರ ಎಂದರೇನು, ಅದಕ್ಕೆ ನಾವು ಏಕೆ ತಲೆಬಾಗಬೇಕು ಎಂಬುದನ್ನು ಪಠ್ಯವಾಗಿ ಓದುತ್ತಿರುವವರು ಅವರು. ಗುಂಡ್ಲುಪೇಟೆಯಿಂದ ಮತ್ತೆ ಮತ್ತೆ ಗೆದ್ದ ಕೆ.ಎಸ್. ನಾಗರತ್ನಮ್ಮ 1972ರಲ್ಲಿ ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷೆಯಾದರು. ಸಭಾಧ್ಯಕ್ಷರ ಕೆಲಸವೇ ಒಪ್ಪದವರಿಗೂ ಮಾತಾಡಲು ಹೊತ್ತು ಕೊಡುವುದು. ಕಂಸಾಳೆಯವರು ಮಾಡಿಕೊಂಡು ಬಂದದ್ದೂ ಅದನ್ನೇ. ಇದೇ ನೆಲದ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಓದುವವರಿಗೆ ನಾವು ಆ ಹೊತ್ತನ್ನು ಇನ್ನೂ ಕೊಟ್ಟಿಲ್ಲ.